ಜೀಪಿನ ಅಚ್ಚೂ ದುರ್ಗದ ನೆಲವೂ

ಚಿತ್ರದುರ್ಗದ ಸೀಮೆಯಲ್ಲಿ ಒಂದೇ ದಿನದ ಪ್ರಯಾಣದೊಳಗೆ ಮೂರು ಬಗೆಯ ನೆಲವನ್ನು ಕಾಣಬಹುದು. ದುರ್ಗದ ಸುತ್ತಲೂ ಹೆಬ್ಬಂಡೆಗಳು. ಹಿರಿಯೂರಿನ ಕಡೆ ಮಳೆ ಬಿದ್ದೊಡನೆ ಕಾಲನ್ನೂ ಗಾಲಿಯನ್ನೂ ಹಿಡಿದುಕೊಳ್ಳುವ ಎರೆಭೂಮಿ. ಹೊಳಲ್ಕೆರೆ, ಹೊಸದುರ್ಗಗಳ ಕಡೆ ಕೆಂಪುಮಣ್ಣು, ಪದರಶಿಲೆಯ ಗುಡ್ಡಗಳು, ಅವುಗಳ ಇಳಿಜಾರಿನಲ್ಲಿ ಸಡಿಲವಾಗಿ ಬಿದ್ದಿರುವ ಚಕ್ಕೆಕಲ್ಲುಗಳು. ಇಂತಹ ಸೀಮೆಯಲ್ಲಿ ಡಾಂಬರು ರಸ್ತೆಯನ್ನು ಬಿಟ್ಟು ಬಂಡಿಜಾಡಿನಲ್ಲಿ ಓಡಬಲ್ಲ ವಾಹನದ ಮೇಲೆ ತರುಣರಿಗೆ ಆಸೆ ಹುಟ್ಟುವುದು ಸಹಜ. ಹಳೆಯ ಜೀಪೊಂದನ್ನು ಕೊಂಡು, ಅದರ ಅಚ್ಚುಗಳನ್ನು ತೆಗೆದು ದಪ್ಪನಾದವನ್ನು ಕೂಡಿಸಿ, ಚೌಕಟ್ಟನ್ನು ಕತ್ತರಿಸಿ ಮತ್ತೆ ಬೆಸೆದು, ದೊಡ್ಡ ಚಕ್ರಗಳ ಮೇಲೆ ಎತ್ತಿ ನಿಲ್ಲಿಸುವ ಹವ್ಯಾಸ ನಮ್ಮ ರಾಜ್ಯದಲ್ಲಿ ಬೇರೂರಿದೆ.

ಈ ಹವ್ಯಾಸದ ವಿಷಯದಲ್ಲಿ ಎರಡು ಅಭಿಪ್ರಾಯಗಳು ಕೇಳಿಬರುತ್ತವೆ. ಕಬ್ಬಿಣ ಎಷ್ಟು ದಪ್ಪವಾದರೆ ಅಷ್ಟು ಕ್ಷೇಮವೆಂಬುದು ಒಂದು. ತಯಾರಿಸಿದವರು ಕೊಟ್ಟುದನ್ನು ಮುಟ್ಟಲೇಬಾರದೆಂಬುದು ಇನ್ನೊಂದು. ಇವೆರಡರಲ್ಲಿ ಯಾವುದೂ ವಿಚಾರದಿಂದ ಬಂದುದೆಂದು ನನಗೆ ತೋರುವುದಿಲ್ಲ. ವಾಹನದ ಅಚ್ಚನ್ನು ನೆಲವನ್ನೂ ಚಕ್ರವನ್ನೂ ನೋಡಿ ಆರಿಸಬೇಕು; ಒಂದು ಭಾಗವನ್ನು ಬಲಪಡಿಸಿದೊಡನೆ ಅದರ ಹೊರೆ ಮತ್ತೊಂದು ಭಾಗಕ್ಕೆ ವರ್ಗವಾಗುತ್ತದೆ; ಆ ಹೊರೆ ಎಲ್ಲಿಗೆ ಹೋಯಿತೆಂಬುದನ್ನು ಕಾಗದದ ಮೇಲೆ ಕಂಡುಕೊಳ್ಳದೆ ಬೆಸುಗೆಯ ಕಡ್ಡಿಯನ್ನು ಕೈಗೆತ್ತಿಕೊಳ್ಳಬಾರದು. ಇದು ನನ್ನ ವಾದ. ಇದಕ್ಕೆ ಬೇಕಾದ ಭೌತಶಾಸ್ತ್ರ ಪದವಿಪೂರ್ವ ತರಗತಿಯ ಪಾಠಗಳನ್ನು ಬಹಳವಾಗಿ ಮೀರಿದುದಲ್ಲ.

ಬಂಡಿಯ ಎರಡು ಗಾಲಿಗಳನ್ನು ಕೂಡಿಸುವ ಅಡ್ಡತುಂಡಿಗೆ ನಮ್ಮ ರೈತರು ಅಚ್ಚು ಎನ್ನುತ್ತಾರೆ. ಬಂಡಿಯ ಅಚ್ಚು ತಿರುಗುವುದಿಲ್ಲ. ಹೊರೆಯನ್ನು ಹೊರುವುದಷ್ಟೇ ಅದರ ಕೆಲಸ. ಯಂತ್ರಶಾಲೆಯವರು ಆಕ್ಸಲ್ ಎಂದು ಕರೆಯುವ ಜೀಪಿನ ಅಚ್ಚಿಗಾದರೋ ಎರಡು ಕೆಲಸಗಳಿವೆ. ಹೊರಗಿನ ಕೊಳವೆ ಭಾರವನ್ನು ಹೊರಬೇಕು; ಕೊಳವೆಯೊಳಗಿನ ಎರಡು ದಂಡಗಳು ಎಂಜಿನ್ನಿನ ತಿರುಚುಬಲವನ್ನು ಚಕ್ರಗಳಿಗೆ ಮುಟ್ಟಿಸಬೇಕು. ಈ ದಂಡಗಳ ನಡುವೆ ಡಿಫರೆನ್ಷಿಯಲ್ ಎಂಬ ಹಲ್ಲುಚಕ್ರಗಳ ಜೋಡಣೆಯಿದ್ದು, ತಿರುವಿನಲ್ಲಿ ಹೊರಮಗ್ಗುಲಿನ ಚಕ್ರ ಒಳಮಗ್ಗುಲಿನದಕ್ಕಿಂತ ಹೆಚ್ಚು ಸುತ್ತಲು ಅವಕಾಶ ಕೊಡುತ್ತದೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ವಿಲ್ಲಿಸ್ ಮತ್ತು ಫೋರ್ಡ್ ಸಂಸ್ಥೆಗಳು ಕೂಡಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ತಯಾರಿಸಿದವು. ೧೯೪೫ರಲ್ಲಿ ಸ್ಥಾಪಿತವಾದ ಮಹೀಂದ್ರ ಸಂಸ್ಥೆ ಆ ದಶಕದ ಕೊನೆಯ ವರ್ಷಗಳಲ್ಲಿ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸತೊಡಗಿತು. ನಮ್ಮ ಹಳ್ಳಿಗಳು ಕಂಡ ಜೀಪು ಆ ವಂಶದ್ದೇ. ಯುದ್ಧಕಾಲದ ವಿಲ್ಲಿಸ್ ಜೀಪಿನ ಎಂಜಿನ್ನು ಹೆಚ್ಚೆಂದರೆ ಸುಮಾರು ೧೪೨ ನ್ಯೂಟನ್-ಮೀಟರ್ ತಿರುಚುಬಲವನ್ನು ಕೊಡುತ್ತಿತ್ತು. ಮೊದಲನೆಯ ಗೇರು ಅದನ್ನು ೨.೬೬ ಪಟ್ಟು, ಇಳಿಗೇರಿನ ಪೆಟ್ಟಿಗೆ ೧.೯೭ ಪಟ್ಟು, ಅಚ್ಚಿನ ಹಲ್ಲುಚಕ್ರ ೪.೮೮ ಪಟ್ಟು ಹೆಚ್ಚಿಸುತ್ತಿದ್ದವು. ಇವನ್ನೆಲ್ಲ ಗುಣಿಸಿದರೆ ೨೫ಕ್ಕಿಂತ ಸ್ವಲ್ಪ ಹೆಚ್ಚು. ಎಂದರೆ ಘರ್ಷಣೆಯ ನಷ್ಟವನ್ನು ಬಿಟ್ಟರೆ ಚಕ್ರಗಳಿಗೆ ಒಟ್ಟು ೩,೬೦೦ ನ್ಯೂಟನ್-ಮೀಟರಿನಷ್ಟು ತಿರುಚುಬಲ ಸಿದ್ಧವಾಗಿರುತ್ತದೆ. ಅಂದಿನ ಆ ಸಣ್ಣ ಎಂಜಿನ್ನಿಗೇ ಇಷ್ಟು ಬಲವಿತ್ತು.

ಆದರೆ ಸಿದ್ಧವಾಗಿರುವ ಬಲವೆಲ್ಲ ಅಚ್ಚಿನ ಮೇಲೆ ಬೀಳುತ್ತದೆಯೇ? ಇಲ್ಲ. ನೆಲ ಹಿಡಿದುಕೊಂಡಷ್ಟು ಮಾತ್ರ ಬೀಳುತ್ತದೆ. ಅದಕ್ಕೆ ಮೀರಿದರೆ ಚಕ್ರ ಜಾರಿ ತಿರುಗುತ್ತದೆ. ನೆಲದ ಹಿಡಿತ ಘರ್ಷಣಾಂಕವನ್ನೂ ಚಕ್ರದ ಮೇಲಿನ ಭಾರವನ್ನೂ ಅವಲಂಬಿಸಿರುತ್ತದೆಂಬುದನ್ನು ವಿದ್ಯಾರ್ಥಿಗಳು ಬಲ್ಲರು. ಜನರೂ ಸಾಮಾನೂ ಸೇರಿ ೧,೫೦೦ ಕಿಲೋಗ್ರಾಂ ತೂಗುವ ಜೀಪೊಂದು ಕಡಿದಾದ ಬಂಡೆಯನ್ನು ಏರುತ್ತಿದೆ ಎಂದಿಟ್ಟುಕೊಳ್ಳೋಣ. ಹಿಂದಿನ ಎರಡು ಚಕ್ರಗಳು ಬಂಡೆಯನ್ನು ಒತ್ತುವ ಬಲ ೧,೦೦೦ ಕಿಲೋಗ್ರಾಂ ತೂಕದಷ್ಟು, ಅಂದರೆ ಸುಮಾರು ೯,೮೦೦ ನ್ಯೂಟನ್ ಆಗಿರಲಿ. ಒಣಬಂಡೆಯ ಮೇಲೆ ರಬ್ಬರಿನ ಘರ್ಷಣಾಂಕ ೦.೮ ಇರಲಿ; ಚಕ್ರದ ತ್ರಿಜ್ಯ ೦.೩೬ ಮೀಟರ್. ಈ ಮೂರನ್ನೂ ಗುಣಿಸಿದರೆ ಸುಮಾರು ೨,೮೦೦ ನ್ಯೂಟನ್-ಮೀಟರ್ ಬರುತ್ತದೆ. ಇದೇ ಜೀಪು ಹಿರಿಯೂರಿನ ಹಸಿ ಎರೆಮಣ್ಣಿನಲ್ಲಿ ನಿಂತಿದ್ದರೆ ಘರ್ಷಣಾಂಕ ೦.೨೫ಕ್ಕೆ ಇಳಿಯಬಹುದು; ಆಗ ಅಚ್ಚಿನ ಮೇಲಿನ ತಿರುಚುಬಲ ೮೮೦ ಮಾತ್ರ. ಎಂಜಿನ್ನೂ ಅದೇ, ಅಚ್ಚೂ ಅದೇ. ನೆಲವೊಂದು ಬದಲಾದುದರಿಂದ ಹೊರೆ ಮೂರು ಪಟ್ಟು ವ್ಯತ್ಯಾಸವಾಯಿತು.

ಇದರಿಂದ ಹೊರಡುವ ತೀರ್ಮಾನ ಹಲವರಿಗೆ ಅನಿರೀಕ್ಷಿತವಾಗಿ ತೋರಬಹುದು. ಎರೆಭೂಮಿಯಲ್ಲಿ ಓಡಾಡುವವನಿಗೆ ದಪ್ಪ ಅಚ್ಚಿನಿಂದ ಲಾಭವಿಲ್ಲ, ಕೆಡುಕೇ ಹೆಚ್ಚು. ಅಲ್ಲಿ ಅಚ್ಚು ಮುರಿಯುವ ಭಯ ಕಡಮೆ, ಹೂತುಕೊಳ್ಳುವ ಭಯ ಹೆಚ್ಚು. ದೊಡ್ಡ ಅಚ್ಚಿನ ಭಾರ ಚಕ್ರವನ್ನು ಇನ್ನಷ್ಟು ಆಳಕ್ಕೆ ಇಳಿಸುತ್ತದೆ. ಅದರ ನಡುವಿನ ದೊಡ್ಡ ಗುಂಡು ನೇಗಿಲಿನಂತೆ ಕೆಸರನ್ನು ಉಳುತ್ತದೆ. ಅಲ್ಲಿ ಬೇಕಾದುದು ಹಗುರವಾದ ಮೈ, ಅಗಲವಾದ ಟೈರು, ನೆಲಕ್ಕೂ ಅಚ್ಚಿಗೂ ನಡುವೆ ಸಾಕಷ್ಟು ಅಂತರ. ಬಲವಾದ ಅಚ್ಚು ಬೇಕಾಗುವುದು ಬಂಡೆಯ ಮೇಲೆ, ಚಕ್ರ ಜಾರದೆ ಕಚ್ಚಿಕೊಳ್ಳುವ ಕಡೆ.

ಬಲವಾದುದು ಬೇಕೆಂದರೆ ಎಷ್ಟು ಬಲವಾಗಿರಬೇಕು? ಡಿಫರೆನ್ಷಿಯಲ್ ಸಹಜ ಸ್ಥಿತಿಯಲ್ಲಿದ್ದರೆ ಆ ೨,೮೦೦ ಎರಡು ದಂಡಗಳಿಗೂ ಸಮವಾಗಿ ಹಂಚಿಹೋಗಿ ಒಂದೊಂದರ ಪಾಲಿಗೆ ೧,೪೦೦ ಬರುತ್ತದೆ. ಒಂದು ಚಕ್ರ ಗಾಳಿಯಲ್ಲಿ ನಿಂತರೂ ವಾಹನ ಮುಂದೆ ಸಾಗಲೆಂದು ಡಿಫರೆನ್ಷಿಯಲ್ಲನ್ನು ಬೀಗ ಹಾಕಿದಂತೆ ಬಿಗಿದುಬಿಟ್ಟರೆ, ನೆಲ ಕಚ್ಚಿದ ಒಂದೇ ಚಕ್ರದ ದಂಡದ ಮೇಲೆ ಇಡೀ ೨,೮೦೦ ಬೀಳಬಹುದು. ದಂಡದ ವ್ಯಾಸ ೩೦ ಮಿಲಿಮೀಟರ್ ಎಂದು ಭಾವಿಸಿದರೆ, ಮೊದಲನೆಯ ಸಂದರ್ಭದಲ್ಲಿ ಅದರ ಮೇಲ್ಮೈಯಲ್ಲಿ ಪ್ರತಿ ಚದರ ಮಿಲಿಮೀಟರಿಗೆ ಸುಮಾರು ೨೬೫ ನ್ಯೂಟನ್, ಎರಡನೆಯದರಲ್ಲಿ ೫೩೦ ನ್ಯೂಟನ್ ಪೀಡನವುಂಟಾಗುತ್ತದೆ. ಇದರ ಮೇಲೆ ಚಕ್ರದ ತ್ರಿಜ್ಯವನ್ನು ೦.೩೬ರಿಂದ ೦.೪೪ ಮೀಟರಿಗೆ ಹೆಚ್ಚಿಸಿದರೆ ಅದು ೬೫೦ಕ್ಕೆ ಏರುತ್ತದೆ. ಸಾಧಾರಣ ಮೆದು ಉಕ್ಕು ಸುಮಾರು ೧೫೦ರಲ್ಲಿಯೇ ಮರಳಿ ಬಾರದಂತೆ ತಿರುಚಿಕೊಳ್ಳತೊಡಗುತ್ತದೆ. ಕಾಯಿಸಿ ತಣಿಸಿ ಹದಗೊಳಿಸಿದ ಮಿಶ್ರ ಉಕ್ಕು ೪೦೦ರಿಂದ ೫೦೦ರವರೆಗೆ ತಡೆಯಬಲ್ಲುದು. ಆದುದರಿಂದ ಯಾವ ಉಕ್ಕೆಂದು ತಿಳಿಯದ ಸರಳೊಂದನ್ನು ಕಡೆದು ಅಚ್ಚಿನ ದಂಡವೆಂದು ತೊಡಿಸುವುದು, ನೋಡಲು ಎಷ್ಟೇ ನಯವಾಗಿದ್ದರೂ, ಅಪಾಯದ ಕೆಲಸ.

ದಂಡದ ವ್ಯಾಸವನ್ನು ೩೦ರಿಂದ ೩೫ ಮಿಲಿಮೀಟರಿಗೆ ಏರಿಸಿದರೆ ಏನಾಗುತ್ತದೆ? ತಿರುಚನ್ನು ತಡೆಯುವ ಶಕ್ತಿ ವ್ಯಾಸದ ಘನಕ್ಕೆ ಅನುಗುಣವಾಗಿರುವುದರಿಂದ ಅದು ಶೇಕಡ ೫೯ರಷ್ಟು ಹೆಚ್ಚುತ್ತದೆ. ತೂಕವಾದರೋ ವ್ಯಾಸದ ವರ್ಗಕ್ಕೆ ಅನುಗುಣವಾದುದರಿಂದ ಶೇಕಡ ೩೬ ಮಾತ್ರ ಹೆಚ್ಚುತ್ತದೆ. ೬೫೦ ಇದ್ದ ಪೀಡನ ೪೧೦ಕ್ಕೆ ಇಳಿಯುತ್ತದೆ. ಐದು ಮಿಲಿಮೀಟರಿನಿಂದ ಇಷ್ಟು ದೊರೆಯುವುದಾದರೆ ಲಾರಿಯ ಅಚ್ಚನ್ನು ತಂದು ಜೀಪಿಗೆ ಹಾಕುವ ಅಗತ್ಯವೇನಿದೆ? ಸ್ಪ್ರಿಂಗುಗಳ ಕೆಳಗಿರುವ ಭಾರ ಹೆಚ್ಚಿದಷ್ಟೂ ಚಕ್ರ ಹಳ್ಳದಿಣ್ಣೆಗಳನ್ನು ಅನುಸರಿಸಲಾರದೆ ಕುಪ್ಪಳಿಸುತ್ತದೆ. ಆ ಪೆಟ್ಟೆಲ್ಲ ಚೌಕಟ್ಟಿಗೆ ಮುಟ್ಟುತ್ತದೆ.

ದಪ್ಪಕ್ಕಿಂತಲೂ ಮುಖ್ಯವೆಂದು ನಾನು ಎಣಿಸುವುದು ಅಚ್ಚಿನ ಬಗೆಯನ್ನು. ಅರೆತೇಲು ಎಂಬ ಬಗೆಯಲ್ಲಿ ಚಕ್ರವು ನೇರವಾಗಿ ದಂಡದ ತುದಿಗೇ ಕೂಡಿಕೊಂಡಿರುತ್ತದೆ. ದಂಡ ತಿರುಚನ್ನೂ ವಾಹನದ ಭಾರವನ್ನೂ ಒಟ್ಟಿಗೆ ಸಹಿಸಬೇಕು. ಪೂರ್ಣತೇಲು ಬಗೆಯಲ್ಲಿ ಚಕ್ರ ಹೊರಕೊಳವೆಯ ಮೇಲಿನ ಬೇರಿಂಗುಗಳ ಮೇಲೆ ಕುಳಿತು, ದಂಡಕ್ಕೆ ತಿರುಚೊಂದೇ ಉಳಿಯುತ್ತದೆ. ಮೊದಲನೆಯದರಲ್ಲಿ ದಂಡ ಮುರಿದರೆ ಚಕ್ರವೇ ಕಳಚಿಹೋಗಬಹುದು. ಎರಡನೆಯದರಲ್ಲಿ ವಾಹನ ನಿಲ್ಲುತ್ತದೆ, ಚಕ್ರ ಇದ್ದಲ್ಲಿಯೇ ಇರುತ್ತದೆ. ಲಾರಿಗಳಲ್ಲಿರುವುದು ಈ ಎರಡನೆಯ ಬಗೆ. ಯುದ್ಧಕಾಲದ ಜೀಪಿನ ಹಿಂದಿನ ಅಚ್ಚೂ ಇದೇ ಬಗೆಯದು.

ಅರೆತೇಲು ಅಚ್ಚಿನಲ್ಲಿ ಇನ್ನೊಂದು ಕಷ್ಟವಿದೆ. ಭಾರದಿಂದ ಬಾಗಿದ ದಂಡ ತಿರುಗುವಾಗ, ಈಗ ಮೇಲಿದ್ದ ಭಾಗ ಅರೆಸುತ್ತಿನ ಬಳಿಕ ಕೆಳಗೆ ಬರುತ್ತದೆ; ಎಳೆತಕ್ಕೆ ಸಿಕ್ಕ ಉಕ್ಕು ಒತ್ತಡಕ್ಕೆ ಸಿಕ್ಕುತ್ತದೆ. ೦.೩೬ ಮೀಟರ್ ತ್ರಿಜ್ಯದ ಚಕ್ರ ಚಿತ್ರದುರ್ಗದಿಂದ ಹಿರಿಯೂರಿನವರೆಗಿನ ಸುಮಾರು ೪೦ ಕಿಲೋಮೀಟರಿನಲ್ಲಿ ೧೭,೭೦೦ ಸಲ ಸುತ್ತುತ್ತದೆ. ಅಷ್ಟೂ ಸಲ ಉಕ್ಕು ಅತ್ತಿತ್ತ ಬಾಗುತ್ತದೆ. ಒಂದು ಸಲಕ್ಕೆ ಏನೂ ಮಾಡದ ಹೊರೆ ಲಕ್ಷಾಂತರ ಸಲ ಮರುಕಳಿಸಿದರೆ ಬಿರುಕನ್ನು ಹುಟ್ಟಿಸಬಲ್ಲುದು. ಲೋಕ ಇದನ್ನು ಕಲಿತದ್ದು ಬಹಳ ಬೆಲೆ ತೆತ್ತು. ೧೮೪೨ರ ಮೇ ೮ರಂದು ವರ್ಸೇಲ್ಸಿನಿಂದ ಪ್ಯಾರಿಸಿಗೆ ಹೊರಟಿದ್ದ ರೈಲಿನ ಎಂಜಿನ್ನಿನ ಅಚ್ಚು ಮುರಿದು, ಬೆಂಕಿ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಮುಂದೆ ಜರ್ಮನಿಯ ಔಗುಸ್ಟ್ ವೋಲರ್ ರೈಲಿನ ಅಚ್ಚುಗಳನ್ನೇ ಹಿಡಿದು ವರ್ಷಗಟ್ಟಲೆ ಪ್ರಯೋಗ ನಡೆಸಿ ಲೋಹದ ಈ ದಣಿವಿನ ನಿಯಮಗಳನ್ನು ತೋರಿಸಿಕೊಟ್ಟನು. ದಂಡದ ವ್ಯಾಸ ಥಟ್ಟನೆ ಕಿರಿದಾಗುವ ಚೂಪುಮೂಲೆಯಲ್ಲಿಯೇ ಬಿರುಕು ಹುಟ್ಟುತ್ತದೆ. ಆ ಮೂಲೆಯನ್ನು ದುಂಡಗೆ ಕಡೆದರೆ ಆಯುಷ್ಯ ಹೆಚ್ಚುತ್ತದೆ. ಹಳೆಯ ಅಚ್ಚನ್ನು ಕೊಳ್ಳುವವನು ಅದರ ವ್ಯಾಸವನ್ನು ಅಳೆಯುವುದಕ್ಕಿಂತ ಮೊದಲು ಈ ಮೂಲೆಯನ್ನು ಒರಸಿ, ಕನ್ನಡಿಗಾಜಿನಿಂದ ನೋಡಬೇಕು.

ಒಂದು ಭಾಗವನ್ನು ಸುಧಾರಿಸಿದರೆ ಹೊರೆ ಬೇರೆಡೆಗೆ ಹೋಗುತ್ತದೆಂದು ಮೊದಲೇ ಹೇಳಿದೆನಷ್ಟೆ. ಇದಕ್ಕೆ ನಮ್ಮ ಹಳ್ಳಿಯಲ್ಲಿಯೇ ನಿದರ್ಶನವಿದೆ. ಮರದ ಗಾಲಿಯ ಬಂಡಿಗೆ ಬದಲಾಗಿ, ಬಾಲ್ ಬೇರಿಂಗಿನ ಅಚ್ಚೂ ಗಾಳಿ ತುಂಬಿದ ಟೈರೂ ಉಳ್ಳ ಟೈರುಗಾಡಿ ಬಂದಾಗ ಎಳೆಯುವ ಶ್ರಮ ಬಹಳ ಇಳಿಯಿತು. ಇಳಿದುದರಿಂದ ಜನ ಹೆಚ್ಚು ಹೊರೆ ಹೇರಿದರು. ಸಮನೆಲದ ಮೇಲೆ ಇದರಿಂದ ತೊಂದರೆಯಿರಲಿಲ್ಲ. ಇಳಿಜಾರಿನಲ್ಲಾದರೋ, ಹಳೆಯ ಗಾಲಿಯ ಘರ್ಷಣೆ ತಡೆಯುತ್ತಿದ್ದುದನ್ನು ಈಗ ಎತ್ತುಗಳೇ ತಡೆಯಬೇಕಾಯಿತು. ಏಕೆಂದರೆ ಬಹುಮಟ್ಟಿಗೆ ಆ ಗಾಡಿಗಳಿಗೆ ಬ್ರೇಕು ಇರಲಿಲ್ಲ. ಅಚ್ಚು ಉತ್ತಮವಾಯಿತು, ಎತ್ತಿನ ಕತ್ತಿಗೆ ಹುಣ್ಣಾಯಿತು. ಅಚ್ಚನ್ನು ಬದಲಾಯಿಸಿದವನು ಬ್ರೇಕನ್ನೂ ಕೂಡಿಸಿದ್ದರೆ ಹೀಗಾಗುತ್ತಿರಲಿಲ್ಲ.

ಜೀಪಿನಲ್ಲಿಯೂ ಹೀಗೆಯೇ. ದಂಡ ಮುರಿಯದೆ ಹೋದರೆ ಹೊರೆ ಹಲ್ಲುಚಕ್ರಗಳಿಗೆ, ಅಲ್ಲಿಂದ ಸ್ಪ್ರಿಂಗು ಕಟ್ಟಿದ ಕೊಂಡಿಗಳಿಗೆ, ಕಡೆಗೆ ಚಾಸಿಸ್ ಎಂಬ ಚೌಕಟ್ಟಿಗೆ ಸಾಗುತ್ತದೆ. ಜೀಪಿನ ಚೌಕಟ್ಟು ಏಣಿಯನ್ನು ಹೋಲುತ್ತದೆ: ಎರಡು ಉದ್ದ ತೊಲೆಗಳು, ನಡುವೆ ಅಡ್ಡಪಟ್ಟಿಗಳು. ಒಂದು ಚಕ್ರ ಬಂಡೆಯ ಮೇಲೂ ಕರ್ಣದ ಇನ್ನೊಂದು ತುದಿಯ ಚಕ್ರ ಹಳ್ಳದಲ್ಲೂ ನಿಂತಾಗ ಈ ಏಣಿ ಹಿಂಡಿದ ಬಟ್ಟೆಯಂತೆ ತಿರುಚಿಕೊಳ್ಳುತ್ತದೆ. ಹಾಳೆಯೊಂದನ್ನು ಸುರುಳಿ ಸುತ್ತಿ ತಿರುಚಿ ನೋಡಿ. ಬಳಿಕ ಅದರ ಅಂಚನ್ನು ಅಂಟಿನಿಂದ ಮುಚ್ಚಿ ಒಣಗಿಸಿ ಮತ್ತೆ ತಿರುಚಿ ನೋಡಿ. ಕಾಗದ ಅಷ್ಟೇ, ಬಿಗಿತ ಎಲ್ಲಿಂದೆಲ್ಲಿಗೋ! ೭೫ ಮಿಲಿಮೀಟರ್ ಅಗಲ, ೩ ಮಿಲಿಮೀಟರ್ ದಪ್ಪದ ಚೌಕ ಕೊಳವೆಯನ್ನು ಉದ್ದಕ್ಕೆ ಒಂದು ಗೆರೆಯಷ್ಟು ಸೀಳಿದರೆ ಅದರ ತಿರುಚುಬಿಗಿತ ೪೦೦ ಪಟ್ಟಿಗಿಂತಲೂ ಹೆಚ್ಚು ಕುಗ್ಗುತ್ತದೆಂದು ಲೆಕ್ಕ ತೋರಿಸುತ್ತದೆ. ತೆರೆದ ತೊಲೆಯನ್ನು ಪೆಟ್ಟಿಗೆಯಂತೆ ಮುಚ್ಚುವುದರಿಂದ ಚೌಕಟ್ಟು ಬಿಗಿಯಾಗುವುದು ಈ ಕಾರಣದಿಂದ. ಆದರೆ ಅರ್ಧ ಉದ್ದವನ್ನು ಮಾತ್ರ ಮುಚ್ಚಿ ನಿಲ್ಲಿಸಿದರೆ, ತಿರುಚೆಲ್ಲ ಉಳಿದರ್ಧದ ಮೊದಲಲ್ಲಿ ಕೂಡಿಕೊಂಡು ತೊಲೆ ಅಲ್ಲಿಯೇ ಸೀಳುತ್ತದೆ. ಬಿಗಿತ ಕ್ರಮಕ್ರಮವಾಗಿ ಇಳಿಯಬೇಕು.

ಚೌಕಟ್ಟನ್ನು ಕಟ್ಟುವವನು ಮರೆಯಬಾರದ ಇನ್ನೆರಡು ಸಂಗತಿಗಳಿವೆ. ಎಳೆತಕ್ಕೆ ಸಿಕ್ಕ ತಗಡಿನಲ್ಲಿ ಒಂದು ದುಂಡುರಂಧ್ರ ಕೊರೆದರೆ ಅದರ ಅಂಚಿನಲ್ಲಿ ಪೀಡನ ಮೂರು ಪಟ್ಟಾಗುತ್ತದೆ. ಬಾಗುವ ತೊಲೆಯಲ್ಲಿ ಮೇಲಂಚೂ ಕೆಳಂಚೂ ಹೆಚ್ಚು ಪೀಡನಕ್ಕೆ ಒಳಗಾಗಿ, ನಡುಮಟ್ಟ ಬಹುಮಟ್ಟಿಗೆ ವಿಶ್ರಾಂತಿಯಲ್ಲಿರುತ್ತದೆ. ಆದುದರಿಂದ ರಂಧ್ರ ಬೇಕಾದರೆ ನಡುಮಟ್ಟದಲ್ಲಿರಲಿ. ಬೆಸುಗೆಯ ಮಗ್ಗುಲಿನ ಲೋಹ ಕಾದು ತಣಿದು ತನ್ನ ಹದವನ್ನು ಕಳೆದುಕೊಂಡಿರುತ್ತದೆ. ತೊಲೆಗೆ ನೇರ ಅಡ್ಡಲಾಗಿ ಬೆಸೆದರೆ ಆ ದುರ್ಬಲ ಗೆರೆ ಪೂರ್ತಿ ಅಡ್ಡಕ್ಕೆ ಹಾಯುತ್ತದೆ. ಓರೆಯಾಗಿ ಕತ್ತರಿಸಿ, ಮೇಲೆ ವಜ್ರಾಕೃತಿಯ ತಗಡನ್ನು ಹೊದಿಸಿ ಬೆಸೆದರೆ ಹೊರೆ ಹಂಚಿಹೋಗುತ್ತದೆ. ಕೆಲಸ ಮುಗಿದ ಮೇಲೆ ಚೌಕಟ್ಟು ಸೊಟ್ಟಗಾಗಿದೆಯೇ ಎಂಬುದನ್ನು ತಿಳಿಯಲು ದುಬಾರಿ ಯಂತ್ರ ಬೇಡ: ಸಮನೆಲ, ತೂಗುಗುಂಡು, ದಾರ ಸಾಕು. ಎದುರುಬದುರಿನ ಎರಡು ಕರ್ಣಗಳೂ ಸಮವಾಗಿರಬೇಕು.

ಇಷ್ಟೆಲ್ಲ ಸರಿಯಾಗಿ ಮಾಡಿದ ಮೇಲೂ ಎರಡು ಲೆಕ್ಕಗಳು ಉಳಿಯುತ್ತವೆ. ಎಡಬಲ ಚಕ್ರಗಳ ನಡುವಣ ಅಂತರ ೧.೨೫ ಮೀಟರ್, ಗುರುತ್ವಕೇಂದ್ರದ ಎತ್ತರ ೦.೬೫ ಮೀಟರ್ ಆಗಿದ್ದರೆ ವಾಹನ ಸುಮಾರು ೪೪ ಡಿಗ್ರಿ ಓರೆಯಾಗುವವರೆಗೆ ಉರುಳದೆ ನಿಲ್ಲಬಲ್ಲುದು. ಅದನ್ನು ೧೫ ಸೆಂಟಿಮೀಟರ್ ಎತ್ತಿದರೆ ಈ ಕೋನ ೩೮ಕ್ಕೆ ಇಳಿಯುತ್ತದೆ. ಇದು ನಿಂತ ವಾಹನದ ಮಾತು. ತಿರುವಿನಲ್ಲಿ ಓಡುವಾಗ, ಸ್ಪ್ರಿಂಗು ವಾಲಿದಾಗ, ಇನ್ನೂ ಕಡಮೆ. ಇನ್ನು ಬ್ರೇಕು: ತ್ರಿಜ್ಯ ೦.೩೬ರಿಂದ ೦.೪೪ಕ್ಕೆ ಏರಿ ಬ್ರೇಕು ಹಳೆಯದೇ ಉಳಿದರೆ, ಪೆಡಲನ್ನು ಅಷ್ಟೇ ತುಳಿದಾಗ ನೆಲದ ಮೇಲೆ ದೊರೆಯುವ ತಡೆಬಲ ಶೇಕಡ ೮೨ಕ್ಕೆ ಇಳಿಯುತ್ತದೆ. ವೇಗದ ಮುಳ್ಳು ೫೦ ತೋರಿಸುವಾಗ ನಿಜವಾದ ವೇಗ ೬೧ ಆಗಿರುತ್ತದೆ. ಟೈರುಗಾಡಿಯ ಕಥೆ ಇಲ್ಲಿ ಮರುಕಳಿಸಿದಂತಾಯಿತು. ಆದರೆ ಈ ಸಲ ಹೊರೆ ಬೀಳುವುದು ಒಳಗೆ ಕುಳಿತವರ ಮೇಲೆ, ಎದುರಿಗೆ ಬರುವ ದಾರಿಹೋಕನ ಮೇಲೆ.

ಕಾನೂನಿನ ನಿಲುವೇನು? ತಯಾರಕರು ಮೂಲತಃ ನಿರ್ದೇಶಿಸಿದುದಕ್ಕಿಂತ ನೋಂದಣಿ ಪತ್ರದ ವಿವರಗಳು ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆಂದು ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣ ಹೇಳುತ್ತದೆ. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ಒಂದೊಂದು ಅಕ್ರಮ ಮಾರ್ಪಾಟಿಗೂ ೫,೦೦೦ ರೂಪಾಯಿ ದಂಡ, ಇಲ್ಲವೆ ಆರು ತಿಂಗಳವರೆಗಿನ ಸೆರೆವಾಸ, ಇಲ್ಲವೆ ಎರಡನ್ನೂ ವಿಧಿಸಲು ಅವಕಾಶ ಮಾಡಿತು. ಮೇಲಿನ ಲೆಕ್ಕಗಳನ್ನು ನೋಡಿದವರಿಗೆ ಈ ಕಟ್ಟುನಿಟ್ಟಿನ ಕಾರಣ ಅರ್ಥವಾಗದಿರದು. ಹೀಗೆ ಕಟ್ಟಿದ ಜೀಪಿನ ಜಾಗ ಸ್ವಂತದ ಜಮೀನು, ಅನುಮತಿ ಪಡೆದ ಸ್ಪರ್ಧೆಯ ಅಂಗಳ. ಅಲ್ಲಿಗೆ ಅದು ಲಾರಿಯ ಮೇಲೆ ಹೋಗಬೇಕು. ಬೆಂಗಳೂರು–ಪುಣೆ ಹೆದ್ದಾರಿ ಅದರ ಜಾಗವಲ್ಲ. ಆದರೂ ಜರ್ಮನಿಯಲ್ಲಿ ಮಾರ್ಪಡಿಸಿದ ವಾಹನವನ್ನು ಅಧಿಕೃತ ತಜ್ಞರು ಪರೀಕ್ಷಿಸಿ, ಒಪ್ಪಿದರೆ ದಾಖಲೆಯಲ್ಲಿ ಬರೆದು ರಸ್ತೆಗೆ ಬಿಡುವ ಪದ್ಧತಿಯಿದೆ. ನಮ್ಮಲ್ಲಿಯೂ ಅಂಥದೊಂದು ಬರಬೇಕೆಂಬುದು ನನ್ನ ಅಭಿಪ್ರಾಯ. ಆದರೆ ಪರೀಕ್ಷಕನ ಮುಂದೆ ಲೆಕ್ಕದ ಹಾಳೆಯನ್ನು ಇಡಬಲ್ಲವರು ಮೊದಲು ನಮ್ಮಲ್ಲಿ ತಯಾರಾಗಬೇಕು.

ಇಲ್ಲಿ ಒಂದು ಆಕ್ಷೇಪಣೆ ಬರಬಹುದು: “ನಮ್ಮ ಯಂತ್ರಶಾಲೆಯ ಮೇಸ್ತ್ರಿಗಳು ಯಾವ ಸೂತ್ರವನ್ನೂ ಓದದೆ ನೂರಾರು ಲಾರಿಗಳನ್ನು ನಡೆಸುತ್ತಿಲ್ಲವೆ?” ನಿಜ, ಅವರ ಕೈಯ ಅರಿವು ದೊಡ್ಡದು. ಪಾನಾದ ಬಿಗಿತದಿಂದಲೇ ಬೋಲ್ಟಿನ ಸ್ಥಿತಿ ತಿಳಿಯಬಲ್ಲವರು ಅವರು. ಆದರೆ ಅನುಭವವೆಂಬುದು ಹಿಂದೆ ಮುರಿದವುಗಳಿಂದ ಬಂದ ಪಾಠ. ಒಂದು ವಾಹನದ ಅಚ್ಚು, ಇನ್ನೊಂದರ ಚಕ್ರ, ಮತ್ತೊಂದರ ಎಂಜಿನ್ನು ಕೂಡಿದ ಹೊಸ ಜೋಡಣೆ ಈ ಮೊದಲು ಎಲ್ಲಿಯೂ ಇಲ್ಲದಿದ್ದರೆ ಅದರ ಬಗ್ಗೆ ಯಾರಿಗೂ ಅನುಭವವಿಲ್ಲ. ಅಂಥಲ್ಲಿ ಮುರಿಯುವ ಮೊದಲೇ ಪಾಠ ಹೇಳಬಲ್ಲುದು ಲೆಕ್ಕವೊಂದೇ.

ವಿದ್ಯಾರ್ಥಿ ಮಿತ್ರರು ಜೀಪನ್ನು ಕೊಳ್ಳಬೇಕಾದುದಿಲ್ಲ. ನಿಮ್ಮ ಊರಿನ ಯಂತ್ರಶಾಲೆಗೆ ಹೋಗಿ, ಮೇಸ್ತ್ರಿಯ ಒಪ್ಪಿಗೆ ಪಡೆದು, ಮುರಿದು ಬಿದ್ದ ಅಚ್ಚಿನ ದಂಡವೊಂದನ್ನು ನೋಡಿ. ಮುರಿದ ಮುಖದಲ್ಲಿ ಸಮುದ್ರದ ಚಿಪ್ಪಿನ ಮೇಲಿನಂತಹ ನಯವಾದ ಗೆರೆಗಳಿದ್ದರೆ ಅದು ದಣಿದು ಮುರಿದದ್ದು. ಹಗ್ಗದಂತೆ ತಿರುಚಿಕೊಂಡಿದ್ದರೆ ಒಂದೇ ಪೆಟ್ಟಿಗೆ ಸೋತದ್ದು. ವ್ಯಾಸವನ್ನು ಅಳೆದು, ಆ ವಾಹನ ಯಾವ ನೆಲದಲ್ಲಿ, ಎಷ್ಟು ಹೊರೆ ಹೊತ್ತು ಓಡುತ್ತಿತ್ತೆಂದು ಕೇಳಿ, ಮೇಲಿನ ಲೆಕ್ಕವನ್ನು ಹಾಕಿ, ಉತ್ತರವನ್ನು ಮೇಸ್ತ್ರಿಗೂ ತಿಳ�ಿಸಿ. ಮುಂದಿನ ಅಚ್ಚನ್ನು ಆರಿಸುವಾಗ ಅವರು ಆ ಉತ್ತರವನ್ನು ನೆನೆದರೆ ತರಗತಿಯಲ್ಲಿ ಕಲಿತುದು ಸಾರ್ಥಕವಾಯಿತು.